ಹಿಂದೊಂದು ಕಣ್ಣು

ಬೇರೆಯವರ ಕಾರಿನಲ್ಲಿ ಮುಂದಿನ ಸೀಟಿಗೆ ಕೂತರೆ ನನ್ನ ಗಮನವೆಲ್ಲ ರಸ್ತೆಗಿಂತ ಹೆಚ್ಚಾಗಿ ಗಾಡಿ ಓಡಿಸುವವರ ಕಣ್ಣಿನ ಮೇಲಿರುತ್ತದೆ. ಕೆಲವರ ಕಣ್ಣು ಮುಂದಿನ ಗಾಜಿಗೇ ನೆಟ್ಟುಬಿಟ್ಟಿರುತ್ತದೆ. ಅಂಥವರ ಪಕ್ಕದಲ್ಲಿ ಕೂತಾಗ ನನಗೆ ಅರಿವಿಲ್ಲದೆಯೇ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಇನ್ನು ಕೆಲವರ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ಮುಂದೆ ನೋಡುತ್ತಿದ್ದದ್ದು ಒಂದು ಗಳಿಗೆ ಮೇಲಕ್ಕೆ, ನಡುವಿನ ಕನ್ನಡಿಗೆ ಹೋಗಿ ಬರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಬಲಗಡೆಯ ಕನ್ನಡಿಗೆ. ಮುಂದೆ ಬಸ್ ಸ್ಟಾಪು ಬಂತೆಂದರೆ ಎಡಗಡೆಯದಕ್ಕೆ. ತಲೆ ಅಲುಗುವುದೇ ಇಲ್ಲ, ಮಾತೂ ನಿಲ್ಲುವುದಿಲ್ಲ. ಮಗಳ ಮದುವೆಯ ಮಾತೋ ಅಡಿಕೆ ರೇಟಿನ ಮಾತೋ ತನ್ನ ಪಾಡಿಗೆ ನಡೆದಿರುತ್ತದೆ. ಇಂಥವರ ಪಕ್ಕದಲ್ಲಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಬಲ್ಲೆ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಹೆಚ್ಚೂಕಡಿಮೆ 17 ಮೀಟರ್ ಮುಂದಕ್ಕೆ ಹೋಗಿರುತ್ತದೆ. ಕನ್ನಡಿಯನ್ನು ಒಂದು ಸೆಕೆಂಡ್ ನೋಡುತ್ತ ಕೂತರೆ ಅಷ್ಟು ದೂರ ಮುಂದಿನದನ್ನು ಕಾಣದೆ ಹೋದ ಹಾಗಾಯಿತು. ಪಳಗಿದ ಡ್ರೈವರಿಗೆ ಇದು ಲೆಕ್ಕ ಹಾಕದೆಯೇ ಗೊತ್ತು. ಅವನ ಕಣ್ಣು ಕನ್ನಡಿಯನ್ನು ಮುಟ್ಟಿ ಬರುತ್ತದೆ, ಅಷ್ಟೆ. ಹಿಂದಿನ ಗಾಡಿಯ ಬಣ್ಣ ಅವನಿಗೆ ಬೇಡ, ನಂಬರೂ ಬೇಡ. ಏನಿದೆ, ಎಷ್ಟು ದೂರದಲ್ಲಿದೆ, ಹೋದ ಸಲ ನೋಡಿದ್ದಕ್ಕಿಂತ ದೊಡ್ಡದಾಗಿದೆಯೋ ಇಲ್ಲವೋ, ಇಷ್ಟು ಸಾಕು. ಮೊದಲ ನೋಟಕ್ಕೆ ಕಂಡ ಬೈಕು ಎರಡನೆಯ ನೋಟಕ್ಕೆ ಕಾಣದಿದ್ದರೆ ಅವನ ಕೈ ಸ್ಟೇರಿಂಗಿನ ಮೇಲೆ ಸ್ವಲ್ಪ ಬಿಗಿಯಾಗುತ್ತದೆ. ಆ ಬೈಕು ಯಾವುದೋ ಅಡ್ಡರಸ್ತೆಗೆ ತಿರುಗಿರಬೇಕು, ಇಲ್ಲವೇ ತನ್ನ ಪಕ್ಕಕ್ಕೇ ಬಂದು ನಿಂತಿರಬೇಕು. ಎರಡರಲ್ಲಿ ಯಾವುದೆಂದು ತಿಳಿಯುವ ತನಕ ಅವನು ಗಾಡಿಯನ್ನು ಎಡಕ್ಕಾಗಲಿ ಬಲಕ್ಕಾಗಲಿ ಎಳೆಯುವುದಿಲ್ಲ.

ನಮ್ಮ ಸೋದರಮಾವ ಇಂಥ ಡ್ರೈವರು. ಸಾಗರದ ಕಡೆಯಿಂದ ಅಡಿಕೆ ಹೇರಿಕೊಂಡು ಹೋಗಿ, ಬರುವಾಗ ಮಂಗಳೂರು ಹೆಂಚು ತುಂಬಿಕೊಂಡು ಬರುವ ಲಾರಿ ಅವರದು. ಆ ಲಾರಿಗೆ ಬಲಗಡೆ ಮಾತ್ರ ಕನ್ನಡಿ. ಎಡಗಡೆ ಕ್ಲೀನರ್ ಹುಡುಗ. ಊರೊಳಗೆ ಬಂದರೆ ಅವನು ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ, ತಲೆಗೆ ಸುತ್ತಿದ ಟವೆಲ್ ಹಾರಿಸಿಕೊಂಡು, ಒಂದೇ ಸಮನೆ ಕೂಗುತ್ತಿದ್ದ: "ಸೈಕಲ್ ಅಣ್ಣಾ, ಸೈಕಲ್... ಹೋಯ್ತು... ಎಮ್ಮೆ ಇದೆ, ನಿಧಾನ... ಬರ್ಲಿ, ಬರ್ಲಿ..." ರಿವರ್ಸ್ ತೆಗೆಯುವಾಗ ಕೆಳಗಿಳಿದು ಹಿಂದೆ ನಿಂತು ಲಾರಿಯ ಮೈ ತಟ್ಟುತ್ತಿದ್ದ. ಎರಡು ಪೆಟ್ಟು ಅಂದರೆ ಬರಲಿ, ಒಂದು ಪೆಟ್ಟು ಅಂದರೆ ನಿಲ್ಲಲಿ. ಒಮ್ಮೆ ನಾನು ಜೊತೆಗಿದ್ದಾಗ, ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಆ ಹುಡುಗ ತೂಕಡಿಸಿ ಸುಮ್ಮನಾದ. ಮಾವ ಗದರಲಿಲ್ಲ. ಲಾರಿಯನ್ನು ಪಕ್ಕಕ್ಕೆ ಹಾಕಿ ಚಾ ಕುಡಿಸಿ ಹೇಳಿದರು: "ನೋಡೋ ತಮ್ಮಾ, ನಿನ್ ಬಾಯಿ ನಿಂತ್ರೆ ನಂಗೆ ಎಡಗಣ್ಣು ಹೋದ ಹಾಗೆ. ನಿದ್ದೆ ಬಂದ್ರೆ ಹೇಳು, ನಿಲ್ಲಿಸ್ತೀನಿ. ಸುಮ್ನೆ ಮಾತ್ರ ಕೂತ್ಕೋಬೇಡ."

ಮಾವನ ಈ ಮಾತು, ಕಾರಿನ ಕನ್ನಡಿಯ ಚರಿತ್ರೆ ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗಿದೆ. ಏಕೆಂದರೆ ಈ ಕನ್ನಡಿ ಬಂದು ಕೂತದ್ದೇ ಕ್ಲೀನರ್‌ನಂಥ ಒಬ್ಬ ಮನುಷ್ಯನ ಜಾಗದಲ್ಲಿ. 1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊತ್ತಮೊದಲ 500 ಮೈಲಿ ರೇಸು ನಡೆಯಿತು. 40 ಕಾರುಗಳು. ಆ ಕಾಲದ ರೇಸಿನ ಕಾರುಗಳಲ್ಲಿ ಸಾಮಾನ್ಯವಾಗಿ ಇಬ್ಬರು ಕೂರುತ್ತಿದ್ದರು. ಒಬ್ಬ ಓಡಿಸುವವನು, ಇನ್ನೊಬ್ಬ ಮೆಕ್ಯಾನಿಕ್. ಎಂಜಿನ್ನಿನ ಎಣ್ಣೆ ನೋಡಿಕೊಳ್ಳುವುದರ ಜೊತೆಗೆ, ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ತಿರುಗಿ ನೋಡಿ ಹೇಳುವುದೂ ಆ ಮೆಕ್ಯಾನಿಕ್ಕನ ಕೆಲಸ. ರೇ ಹ್ಯಾರೂನ್ ಎಂಬವನು ಮಾತ್ರ ಒಂಟಿ ಸೀಟಿನ ಹಳದಿ ಮಾರ್ಮನ್ ಕಾರು ತಂದಿದ್ದ. ಒಬ್ಬನ ಭಾರ ಕಮ್ಮಿ, ಮೈ ಸಪೂರ, ಗಾಳಿ ಸೀಳಿಕೊಂಡು ಹೋಗುವ ಗಾಡಿ. ಉಳಿದವರು ತಕರಾರು ತೆಗೆದರು: ಇವನ ಹಿಂದೆ ನೋಡುವವರು ಯಾರು? ಹ್ಯಾರೂನ್ ತನ್ನ ಎದುರಿಗೆ ಸರಳುಗಳನ್ನು ನಿಲ್ಲಿಸಿ ಮೇಲೆ ಒಂದು ಉದ್ದನೆಯ ಕನ್ನಡಿ ಕೂರಿಸಿದ. ಷಿಕಾಗೊದಲ್ಲಿ ಹಿಂದೊಮ್ಮೆ ಕುದುರೆಗಾಡಿಯೊಂದಕ್ಕೆ ಹೀಗೆ ಕನ್ನಡಿ ಕಟ್ಟಿದ್ದನ್ನು ಕಂಡಿದ್ದೆ ಎಂದು ಅವನು ಆಮೇಲೆ ಹೇಳಿಕೊಂಡಿದ್ದಾನೆ. 6 ಗಂಟೆ 42 ನಿಮಿಷ ಓಡಿಸಿ, ಗಂಟೆಗೆ ಸುಮಾರು 120 ಕಿಲೋಮೀಟರ್ ಸರಾಸರಿಯಲ್ಲಿ ರೇಸು ಗೆದ್ದ. ಆ ಕಾರು ಈಗಲೂ ಅಲ್ಲಿಯ ಮ್ಯೂಸಿಯಂನಲ್ಲಿದೆ.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇನ್ನೊಂದಿದೆ. ಆ ಟ್ರ್ಯಾಕಿಗೆ ಹಾಸಿದ್ದು ಇಟ್ಟಿಗೆ. ಇಟ್ಟಿಗೆಯ ಮೇಲೆ ಓಡುವ ಕಾರು ಎಷ್ಟು ನಡುಗುತ್ತಿತ್ತೆಂದರೆ ಕನ್ನಡಿಯಲ್ಲಿ ತನಗೆ ಏನೂ ಕಾಣುತ್ತಿರಲಿಲ್ಲ ಎಂದು ಹ್ಯಾರೂನ್ ವರ್ಷಗಳಾದ ಮೇಲೆ ಒಪ್ಪಿಕೊಂಡ. ಮೆಕ್ಯಾನಿಕ್ ಇದ್ದಿದ್ದರೆ ನಡುಗುತ್ತಲೇ ಕೂಗಿ ಹೇಳುತ್ತಿದ್ದ. ಕನ್ನಡಿ ಕೂಗುವುದಿಲ್ಲ. ಅದು ತೋರಿಸಿದ್ದನ್ನು ಹೋಗಿ ನೋಡಿಕೊಂಡು ಬರುವ ಕೆಲಸ ಡ್ರೈವರನದೇ.

ಇದಕ್ಕೂ ಎರಡು ವರ್ಷ ಮೊದಲು, 1909ರಲ್ಲಿ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ಹೆಣ್ಣುಮಗಳು 'ದ ವುಮನ್ ಅಂಡ್ ದ ಕಾರ್' ಎಂಬ ಪುಸ್ತಕ ಬರೆದಿದ್ದಳು. ತಾನೇ ರೇಸಿನಲ್ಲಿ ಕಾರು ಓಡಿಸಿ ಹೆಸರು ಮಾಡಿದವಳು. ಕಾರು ಓಡಿಸುವ ಹೆಂಗಸರು ಒಂದು ಕೈಗನ್ನಡಿ ಇಟ್ಟುಕೊಳ್ಳಿ, ಆಗಾಗ ಎತ್ತಿ ಹಿಡಿದು ಹಿಂದೆ ಏನು ಬರುತ್ತಿದೆ ನೋಡಿಕೊಳ್ಳಿ ಎಂದು ಅದರಲ್ಲಿ ಸಲಹೆ ಕೊಟ್ಟಿದ್ದಾಳೆ. ಓದಿದಾಗ ಬೇಲೂರಿನ ದರ್ಪಣ ಸುಂದರಿ ನೆನಪಾಗದೆ ಇರಲಿಲ್ಲ. ಅದೇ ಎತ್ತಿದ ಕೈ, ಅದೇ ಓರೆ ನೋಟ. ಬೇಲೂರಿನವಳು ನೋಡಿಕೊಳ್ಳುವುದು ತನ್ನ ಮುಖವನ್ನು. ಲೆವಿಟ್ ಅದೇ ಕನ್ನಡಿಯನ್ನು ಒಂದಿಷ್ಟು ಓರೆ ಮಾಡಿ ತನ್ನ ಹಿಂದಿನವರನ್ನು ಕಂಡಳು. ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದರಲ್ಲಿ ಕನ್ನಡಿ, ಮುಚ್ಚಿಗೆಯಿಲ್ಲದ ಕಾರು, ಧೂಳಿನ ರಸ್ತೆ. ಈ ಹೆಂಗಸಿನ ಧೈರ್ಯಕ್ಕೂ ಮುಂದಾಲೋಚನೆಗೂ ನನ್ನದೊಂದು ನಮಸ್ಕಾರ.

ನಮ್ಮಲ್ಲಿ ಎಡಗನ್ನಡಿ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಕಡಿಮೆ ಬೆಲೆಯ ಕಾರುಗಳಿಗೆ ಬಲಗಡೆಯದೊಂದೇ ಕನ್ನಡಿ. 2009ರಲ್ಲಿ ಟಾಟಾ ನ್ಯಾನೋ ಬಂದಾಗಲೂ ಡ್ರೈವರ್ ಪಕ್ಕಕ್ಕೆ ಮಾತ್ರ ಕನ್ನಡಿಯಿತ್ತು. ಬೇಕಾದವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಎಡಗಡೆಗೊಂದು ಹಾಕಿಸಿಕೊಳ್ಳಬೇಕಿತ್ತು. ಲಾರಿಗಳ ಹಿಂದೆ ದೊಡ್ಡ ಅಕ್ಷರದಲ್ಲಿ 'ಸೌಂಡ್ ಹಾರ್ನ್' ಎಂದು ಬರೆಸುತ್ತಿದ್ದದ್ದು ಇದಕ್ಕೇ. ನನಗೆ ನೀನು ಕಾಣುವುದಿಲ್ಲ, ಇದ್ದೀಯೆಂದು ಕೂಗಿ ಹೇಳು ಎಂಬುದು ಅದರ ತಾತ್ಪರ್ಯ. ನಮ್ಮ ರಸ್ತೆಗಳ ಹಾರ್ನಿನ ಹಾವಳಿಯನ್ನು ಬೈಯುವವರಲ್ಲಿ ನಾನೂ ಒಬ್ಬ. ಆದರೂ ಕನ್ನಡಿಯಿಲ್ಲದ ದೇಶದಲ್ಲಿ ಹಾರ್ನೇ ಕನ್ನಡಿಯಾಗಿತ್ತು ಎಂಬುದನ್ನು ಮರೆಯಲಾರೆ. ಈಗ ಎರಡೂ ಕಡೆ ಕನ್ನಡಿ ಬಂದಿದೆ, ಹಾರ್ನು ಮಾತ್ರ ಹಾಗೇ ಉಳಿದಿದೆ. ಅದಕ್ಕೆ ಕಾರಣವೂ ಸಿಗ್ನಲ್ಲಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಎಷ್ಟೋ ಕಾರುಗಳ ಎಡಗನ್ನಡಿ ಮಡಚಿಯೇ ಇರುತ್ತದೆ. ಚಿಕ್ಕಪೇಟೆ, ಬಳೇಪೇಟೆಯ ಗಲ್ಲಿಗಳಲ್ಲಿ ಮಡಚಿದರೆ ಸರಿ, ಅಲ್ಲಿ ಕೈಗಾಡಿಗೂ ಕಾರಿಗೂ ನಡುವೆ ಬೆರಳು ತೂರುವಷ್ಟೂ ಜಾಗವಿರುವುದಿಲ್ಲ. ಅಲ್ಲಿಂದ ಹೊರಗೆ ಬಂದ ಮೇಲೂ ಬಿಚ್ಚದಿದ್ದರೆ ಎಡಗಡೆಯಿಂದ ಬರುವ ಅಷ್ಟೂ ಸ್ಕೂಟರುಗಳು ಆ ಡ್ರೈವರನ ಪಾಲಿಗೆ ಇಲ್ಲವೇ ಇಲ್ಲ.

ಹೊರಗಿನ ಕನ್ನಡಿಗಳು ಉಬ್ಬು ಗಾಜಿನವು, ಅಂದರೆ ಶಾಲೆಯಲ್ಲಿ ಓದಿದ ಪೀನ ದರ್ಪಣ. ವಾಹನಗಳಿಗೆ ಪೀನ ದರ್ಪಣವನ್ನೇ ಏಕೆ ಬಳಸುತ್ತಾರೆ ಎಂಬ ಪ್ರಶ್ನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉತ್ತರ ಬರೆಯದವರು ವಿರಳ. ನೋಟದ ಹರವು ಹೆಚ್ಚು, ಪ್ರತಿಬಿಂಬ ನೇರ ಮತ್ತು ಚಿಕ್ಕದು ಎಂದು ಬರೆದು ಅಂಕ ಪಡೆಯುತ್ತೇವೆ. ಆ ಉತ್ತರದ ಒಳಗಿರುವ ಸೋಜಿಗವನ್ನು ಯಾರೂ ಹೇಳಿಕೊಡುವುದಿಲ್ಲ. ಗಾಜಿನ ಉಬ್ಬಿನ ತ್ರಿಜ್ಯ 1.2 ಮೀಟರ್ ಎಂದಿಟ್ಟುಕೊಳ್ಳಿ. ಅದರ ಸಂಗಮ ದೂರ 60 ಸೆಂಟಿಮೀಟರ್. ಹಿಂದಿನ ಲಾರಿ 20 ಮೀಟರ್ ದೂರದಲ್ಲಿರಲಿ, 200 ಮೀಟರ್ ದೂರದಲ್ಲಿರಲಿ, ಅದರ ಬಿಂಬ ಮೂಡುವುದು ಗಾಜಿನ ಹಿಂದೆ ಎರಡಡಿಯ ಒಳಗೇ. ಲೆಕ್ಕದ ಪ್ರಕಾರ ಬಿಂಬ ನಮಗೆ ಬಹಳ ಹತ್ತಿರ. ಆದರೆ ಅದು ಚಿಕ್ಕದು. ಲಾರಿ ಎಷ್ಟು ದೊಡ್ಡದೆಂದು ಹುಟ್ಟಿದಾಗಿನಿಂದ ನೋಡಿ ಬಲ್ಲ ನಮ್ಮ ಮನಸ್ಸು, ಇಷ್ಟು ಚಿಕ್ಕದಾಗಿ ಕಾಣಬೇಕಾದರೆ ಬಹಳ ದೂರವೇ ಇರಬೇಕು ಎಂದು ತಾನೇ ತೀರ್ಮಾನ ಮಾಡಿಬಿಡುತ್ತದೆ. ಕಣ್ಣು ಹೇಳಿದ್ದನ್ನು ಮನಸ್ಸು ತಳ್ಳಿಹಾಕುವ ಇಂಥ ಜಾಗ ದಿನದ ಬದುಕಿನಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ. ಕನ್ನಡಿಯಲ್ಲಿ ಕಾಣುವ ವಸ್ತುಗಳು ಕಂಡದ್ದಕ್ಕಿಂತ ಹತ್ತಿರದಲ್ಲಿವೆ ಎಂದು ಗಾಜಿನ ಮೇಲೆ ಬರೆದಿರುವ ಎಚ್ಚರಿಕೆ ಇದೇ.

ಅಮೆರಿಕದಲ್ಲಿರುವ ತಂಗಿಯ ಮನೆಗೆ ಹೋದಾಗ ಇನ್ನೊಂದು ಬಗೆ ನೋಡಿದೆ. ಅಲ್ಲಿ ಡ್ರೈವರ್ ಪಕ್ಕದ ಕನ್ನಡಿ ಸಪಾಟಾಗಿಯೇ ಇರಬೇಕೆಂಬುದು ನಿಯಮ, ಉಬ್ಬು ಗಾಜು ಪಕ್ಕದವರ ಕಡೆಗೆ ಮಾತ್ರ. ಎಡಗಡೆ ಕಂಡದ್ದು ಇದ್ದಷ್ಟೇ ದೂರ, ಬಲಗಡೆ ಕಂಡದ್ದು ಇನ್ನೂ ಹತ್ತಿರ ಎಂದು ಎರಡು ಕಣ್ಣಿಗೆ ಎರಡು ಲೆಕ್ಕ ಇಟ್ಟುಕೊಂಡು ಓಡಿಸಬೇಕು. ಮೈಸೂರಿನಲ್ಲಿ ಡ್ರೈವಿಂಗ್ ಕಲಿತ ತಂಗಿಗೆ ಇದು ಒಗ್ಗುವುದಕ್ಕೆ ಸಾಕಷ್ಟು ದಿನ ಬೇಕಾಯಿತಂತೆ.

ಈ ಉಬ್ಬಿನ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ನಮ್ಮ ಬಲಗನ್ನಡಿ ಬೈಕೊಂದಕ್ಕೆ ಸಿಕ್ಕಿ ಒಡೆದಾಗ. ಕಂಪನಿಯ ಗಾಜಿಗೆ ಕಾಯಬೇಕಿತ್ತು. ಅಷ್ಟರ ತನಕ ಇರಲಿ ಎಂದು ಗಾಜು ಕತ್ತರಿಸಿ ಕೊಡುವ ಅಂಗಡಿಯೊಂದಕ್ಕೆ ಹೋದೆ. ಕೆಲಸದ ಹುಡುಗ ಒಡೆದ ಗಾಜಿನ ಅಂಚಿಗೆ ಬಿಸಿಗಾಳಿ ಹಿಡಿದ. ಅಂಟು ಮೆತ್ತಗಾಗುವ ತನಕ ಕಾದು, ತೆಳುವಾದ ಪಟ್ಟಿಯೊಂದನ್ನು ಒಳಗೆ ತೂರಿಸಿ, ಚೂರು ಚೂರಾಗಿ ಬಿಡಿಸಿ ಹಳೇ ಪೇಪರಿನ ಮೇಲೆ ಒಟ್ಟುಮಾಡಿದ. ಆಮೇಲೆ ಕಾಗದವನ್ನು ಖಾಲಿ ಚೌಕಟ್ಟಿನ ಮೇಲೆ ಒತ್ತಿ ಉಗುರಿನಿಂದ ಸುತ್ತ ಗೀರಿ ಅಳತೆ ತೆಗೆದ. ಆ ಅಳತೆಗೆ ಸರಿಯಾಗಿ ಗಾಜನ್ನು ವಜ್ರದ ಮೊನೆಯಿಂದ ಒಂದೇ ಎಳೆತಕ್ಕೆ ಗೀಚಿ, ಎರಡು ಬೆರಳಲ್ಲಿ ಹಿಡಿದು ಟಕ್ ಎಂದು ಮುರಿದ. ಅಂಚನ್ನು ಕಲ್ಲಿಗೆ ಉಜ್ಜಿ, ಹಿಂದೆ ಎರಡು ಕಡೆಯೂ ಅಂಟುವ ಟೇಪು ಹಚ್ಚಿ, ಅಂಗೈಯಿಂದ ಒತ್ತಿ ಕೂರಿಸಿದ. ಕೂದಲೆಳೆಯಷ್ಟೂ ಸಂದಿಲ್ಲ. ಆ ಕೈಚಳಕ ನೋಡಿದ್ದಕ್ಕೇ ಅವನು ಕೇಳಿದ ಹಣ ಕಡಿಮೆಯಾಯಿತು.

ಗಾಜು ಮಾತ್ರ ಸಪಾಟಿನದು. ರಸ್ತೆಗೆ ಬಂದ ಕೂಡಲೇ ಗೊತ್ತಾಯಿತು. ಹಿಂದಿನ ಬಸ್ಸು ದೊಡ್ಡದಾಗಿ, ಮೈಮೇಲೇ ಬಂದ ಹಾಗೆ ಕಾಣುತ್ತಿದೆ. ಆದರೆ ಅದರ ಪಕ್ಕದಲ್ಲಿ ನುಸುಳಿ ಬರುತ್ತಿದ್ದ ಬೈಕು ಕನ್ನಡಿಯ ಚೌಕಟ್ಟಿನಲ್ಲೇ ಇಲ್ಲ. ಉಬ್ಬು ಗಾಜು ದೂರದ ವಿಷಯದಲ್ಲಿ ಸುಳ್ಳು ಹೇಳುತ್ತದೆ ನಿಜ. ಆ ಸುಳ್ಳಿಗೆ ಪ್ರತಿಯಾಗಿ ಅದು ಇನ್ನೊಂದು ಇಡೀ ಪಥವನ್ನು ಕಣ್ಣಿಗೆ ತಂದುಕೊಡುತ್ತದೆ. ನಮ್ಮ ರಸ್ತೆಗಳಿಗೆ, ಎಲ್ಲೆಲ್ಲಿಂದಲೋ ದ್ವಿಚಕ್ರಗಳು ತೂರಿ ಬರುವ ಈ ಊರುಗಳಿಗೆ, ಉಬ್ಬು ಗಾಜೇ ಸರಿ. ಒಡೆದರೆ ಉಬ್ಬು ಗಾಜನ್ನೇ ಕೇಳಿ ಹಾಕಿಸಿಕೊಳ್ಳಿ.

ಅಷ್ಟಾಗಿಯೂ ಕಾಣದೆ ಉಳಿಯುವ ಮೂಲೆಯೊಂದಿದೆ. ನಮ್ಮ ಹೆಗಲಿನ ಹಿಂದೆ, ಕಿಟಕಿಯಿಂದಲೂ ಕಾಣದ, ಕನ್ನಡಿಯಲ್ಲೂ ಕಾಣದ ಜಾಗ. ಬ್ಲೈಂಡ್ ಸ್ಪಾಟ್ ಎಂಬ ಮಾತು ಈಗ ಎಲ್ಲ ಡ್ರೈವರುಗಳಿಗೂ ಗೊತ್ತು. ಕನ್ನಡಿಯ ಮೂಲೆಗೆ ದುಂಡನೆಯ ಇನ್ನೊಂದು ಪುಟ್ಟ ಕನ್ನಡಿ ಅಂಟಿಸಿಕೊಳ್ಳುವುದೂ ಬಂದಿದೆ. ಆದರೆ ಈ ಮೂಲೆಯ ಬಹುಭಾಗವನ್ನು ಒಂದು ರೂಪಾಯಿ ಖರ್ಚಿಲ್ಲದೆ ಕಡಿಮೆ ಮಾಡಬಹುದು. ಹೆಚ್ಚಿನವರು ಹೊರಗನ್ನಡಿಯನ್ನು ತಮ್ಮ ಕಾರಿನ ಮೈ ಕಾಲುಭಾಗದಷ್ಟು ಕಾಣುವ ಹಾಗೆ ಇಟ್ಟುಕೊಂಡಿರುತ್ತಾರೆ. ನಮ್ಮ ಕಾರಿನ ಬಾಗಿಲು ಎಲ್ಲಿಗೂ ಓಡಿಹೋಗುವುದಿಲ್ಲ, ಅದನ್ನು ನೋಡುತ್ತ ಕೂರುವ ಅಗತ್ಯವೇನು? ಜಾರ್ಜ್ ಪ್ಲಾಟ್ಜರ್ ಎಂಬ ಎಂಜಿನಿಯರ್ 1995ರಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೊಂದು ಉಪಾಯ ಹೇಳಿದ. ತಲೆಯನ್ನು ಬಲಗಡೆಯ ಕಿಟಕಿಯ ಗಾಜಿಗೆ ತಾಗಿಸಿ ಕೂತು, ಬಲಗನ್ನಡಿಯಲ್ಲಿ ಕಾರಿನ ಮೈ ಆಗಷ್ಟೇ ಕಾಣುವಷ್ಟು ಅದನ್ನು ಹೊರಕ್ಕೆ ತಿರುಗಿಸಬೇಕು. ತಲೆಯನ್ನು ಕಾರಿನ ನಡುವಿಗೆ ತಂದು ಎಡಗನ್ನಡಿಯನ್ನೂ ಹಾಗೇ ಮಾಡಬೇಕು. (ಅವನು ಹೇಳಿದ್ದು ಎಡಗಡೆ ಕೂತು ಓಡಿಸುವವರಿಗೆ, ನಾನು ನಮಗೆ ತಕ್ಕಂತೆ ತಿರುಗಿಸಿ ಹೇಳಿದ್ದೇನೆ.) ನೆಟ್ಟಗೆ ಕೂತರೆ ನಮ್ಮ ಕಾರು ಕನ್ನಡಿಯಲ್ಲಿ ಕಾಣುವುದಿಲ್ಲ. ಮೊದಮೊದಲು ಕಸಿವಿಸಿಯಾಗುತ್ತದೆ. ಆಮೇಲೆ ನೋಡಿ, ಹಿಂದಿನಿಂದ ದಾಟಿ ಬರುವ ಗಾಡಿ ನಡುವಿನ ಕನ್ನಡಿಯಿಂದ ಜಾರುವಷ್ಟರಲ್ಲಿ ಹೊರಗನ್ನಡಿಗೆ ಬಂದಿರುತ್ತದೆ, ಅದರಿಂದ ಜಾರುವಷ್ಟರಲ್ಲಿ ಕಿಟಕಿಯಲ್ಲಿ ಪ್ರತ್ಯಕ್ಷ. ಒಂದು ಕೈಯಿಂದ ಇನ್ನೊಂದು ಕೈಗೆ ಜೋಪಾನವಾಗಿ ದಾಟಿಸಿದ ಹಾಗೆ. ಪಥ ಬದಲಿಸುವ ಮೊದಲು ಒಮ್ಮೆ ಕತ್ತು ತಿರುಗಿಸಿ ನೋಡುವುದನ್ನಂತೂ ಬಿಡಬಾರದು.

ನಡುವಿನ ಕನ್ನಡಿಯ ವಿಚಾರಕ್ಕೆ ಬಂದರೆ ನನಗೆ ಮುದ್ದು ಅದರ ಕೆಳಗಿರುವ ಪುಟ್ಟ ಕಡ್ಡಿ. ರಾತ್ರಿ ಹಾಸನದಿಂದ ಸಕಲೇಶಪುರದ ಕಡೆ ಹೊರಟಿದ್ದೀರಿ, ಹಿಂದಿನವನು ಹೈಬೀಮ್ ಹಾಕಿಕೊಂಡು ಬೆನ್ನಿಗೆ ಬಿದ್ದಿದ್ದಾನೆ. ಕನ್ನಡಿಯಿಂದ ಬೆಳಕು ನೇರ ಕಣ್ಣಿಗೆ ಚುಚ್ಚುತ್ತದೆ. ಎಷ್ಟೋ ಜನ ಆಗ ಇಡೀ ಕನ್ನಡಿಯನ್ನೇ ಚಾವಣಿಗೆ ತಿರುಗಿಸಿಬಿಡುತ್ತಾರೆ. ಆ ಕಡ್ಡಿಯನ್ನು ಎಳೆದರೆ ಸಾಕಾಗಿತ್ತು. ಆ ಗಾಜು ಕೆಳಗಿಂದ ಮೇಲಕ್ಕೆ ಒಂದೇ ದಪ್ಪವಿರುವುದಿಲ್ಲ, ಒಂದು ಅಂಚು ದಪ್ಪ, ಇನ್ನೊಂದು ತೆಳು. ಹಗಲು ನಾವು ನೋಡುವುದು ಗಾಜಿನ ಹಿಂಬದಿಗೆ ಬಳಿದ ಹೊಳಪಿನ ಲೇಪದಲ್ಲಿ ಮೂಡಿದ ಬಿಂಬವನ್ನು. ಕಡ್ಡಿ ಎಳೆದಾಗ ಆ ಬಿಂಬ ಕಾರಿನ ಚಾವಣಿಯ ಕಡೆ ಹೋಗುತ್ತದೆ, ನಮ್ಮ ಕಣ್ಣಿಗೆ ಸಿಗುವುದು ಗಾಜಿನ ಬರೀ ಮೇಲ್ಮೈಯ ಪ್ರತಿಫಲನ. ಅದು ಬಿದ್ದ ಬೆಳಕಿನ ನೂರಕ್ಕೆ ನಾಲ್ಕು ಪಾಲಷ್ಟೇ. ಹೆಡ್‌ಲೈಟಿಗೆ ಅಷ್ಟು ಧಾರಾಳ ಸಾಕು. ಎರಡು ಮಂದವಾದ ಬೊಟ್ಟುಗಳು ಕಾಣುತ್ತವೆ, ಹಿಂದಿನವನು ಎಷ್ಟು ದೂರದಲ್ಲಿದ್ದಾನೆಂಬುದೂ ತಿಳಿಯುತ್ತದೆ. ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ, ಬರೀ ಗಾಜಿನ ದಪ್ಪದಲ್ಲಿ ಮಾಡಿದ ಜಾಣತನ. ಈಗ ದುಬಾರಿ ಕಾರುಗಳಲ್ಲಿ ತಾನಾಗಿಯೇ ಕಪ್ಪಾಗುವ ಕನ್ನಡಿಯಿದೆ. ಅಮೆರಿಕದ ಜೆಂಟೆಕ್ಸ್ ಕಂಪನಿ 1987ರಲ್ಲಿ ತಂದದ್ದು ಅದು. ಗಾಜುಗಳ ನಡುವೆ ತುಂಬಿದ ರಾಸಾಯನಿಕ ವಿದ್ಯುತ್ ಹರಿದಾಗ ಬಣ್ಣ ಗಾಢವಾಗಿಸಿಕೊಳ್ಳುತ್ತದೆ. ಒಳ್ಳೆಯದೇ. ನನ್ನ ಪ್ರೀತಿ ಮಾತ್ರ ಆ ಕಡ್ಡಿಗೇ ಮೀಸಲು.

ಬೆಂಗಳೂರಿನ ಆಟೋಗಳಲ್ಲಿ ಕನ್ನಡಿಗಳು ಒಳಗೇ ಇರುತ್ತವೆ. ಹೊರಗೆ ಚಾಚಿದರೆ ಒಂದು ದಿನವೂ ಉಳಿಯಲಾರವು ಎಂಬುದು ಡ್ರೈವರುಗಳ ಮಾತು. ಹಿಂದೆ ಕೂತ ನಮಗೆ ಆ ಕನ್ನಡಿಯಲ್ಲಿ ಡ್ರೈವರನ ಹುಬ್ಬು ಮತ್ತು ಕಣ್ಣು ಮಾತ್ರ ಕಾಣುತ್ತವೆ, ಮಾತೆಲ್ಲ ಅಲ್ಲಿಯೇ. "ಎಲ್ಲಿಳೀತೀರಾ ಸಾರ್?" ಎಂದು ಕೇಳುವುದೂ ಕನ್ನಡಿಯಲ್ಲಿ, ಚಿಲ್ಲರೆ ಇದೆಯೇ ಎಂದು ವಿಚಾರಿಸುವುದೂ ಕನ್ನಡಿಯಲ್ಲಿ. ಒಂಟಿ ಹೆಣ್ಣುಮಗಳು ಹತ್ತಿದಾಗ ಆ ಕನ್ನಡಿಯನ್ನು ಬೇಕೆಂದೇ ರಸ್ತೆಯ ಕಡೆಗೆ ತಿರುಗಿಸಿಡುವ ಹಿರಿಯ ಡ್ರೈವರೊಬ್ಬರನ್ನು ಕಂಡಿದ್ದೇನೆ. "ಆಯಮ್ಮ ಆರಾಮಾಗಿ ಕೂತ್ಕೊಳ್ಳಲಿ ಸಾರ್" ಎಂದಷ್ಟೇ ಹೇಳಿದರು. ಕನ್ನಡಿ ಬಳಸುವುದನ್ನು ಬಲ್ಲವರೆಂದರೆ ಇವರು.

ಆಂಬುಲೆನ್ಸಿನ ಮೂತಿಯ ಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಬರೆದಿರುತ್ತಾರಲ್ಲ, ಅದು ಮುಂದಿರುವ ಡ್ರೈವರನ ಕನ್ನಡಿಗಾಗಿ ಬರೆದದ್ದು. ಎದುರಿನಿಂದ ನೋಡಿದರೆ ತಪ್ಪು, ಕನ್ನಡಿಯಲ್ಲಿ ಸರಿ. ಒಬ್ಬರ ಜೀವ ಉಳಿಸುವ ಗಾಡಿ ಬೇರೊಬ್ಬರ ಕನ್ನಡಿಯನ್ನು ನಂಬಿಕೊಂಡು ಹೊರಟಿದೆ. ನಡುವಿನ ಕನ್ನಡಿಗೆ ಮೊಳಗಟ್ಟಲೆ ಹೂವನ್ನೂ ಬೊಂಬೆಗಳನ್ನೂ ತೂಗುಹಾಕುವವರನ್ನು ಕಂಡಾಗ ನನಗೆ ಈ ಅಕ್ಷರಗಳು ನೆನಪಾಗಿ ಸಂಕಟವಾಗುತ್ತದೆ. ಆಯುಧಪೂಜೆಯ ಕುಂಕುಮದ ಬೊಟ್ಟು ಚೌಕಟ್ಟಿಗಿರಲಿ, ಗಾಜಿಗೆ ಬೇಡ.

ಕಾರು ನಿಂತ ಮೇಲೂ ಕನ್ನಡಿಯ ಕೆಲಸ ಮುಗಿದಿರುವುದಿಲ್ಲ. ಬಾಗಿಲು ತೆಗೆಯುವ ಮುಂಚೆ ಬಲಗನ್ನಡಿ ನೋಡಬೇಕು. ಸೈಕಲ್ಲಿನ ಮೇಲೆ ಬರುವ ಪೇಪರ್ ಹುಡುಗನಿಗೆ, ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಬರುವ ತಾಯಿಗೆ, ಥಟ್ಟನೆ ತೆರೆದ ಬಾಗಿಲು ಗೋಡೆಯೇ ಸರಿ. ಸೈಕಲ್ಲುಗಳ ನಾಡಾದ ನೆದರ್‌ಲ್ಯಾಂಡ್ಸ್‌ನಲ್ಲಿ ಬಾಗಿಲಿಗೆ ಹತ್ತಿರದ ಕೈ ಬಿಟ್ಟು ದೂರದ ಕೈಯಿಂದ ಚಿಲಕ ತೆಗೆಯುವ ರೂಢಿಯಿದೆ. ನಮಗಾದರೆ ಬಲಬಾಗಿಲನ್ನು ಎಡಗೈಯಿಂದ ತೆಗೆಯಬೇಕು. ಆಗ ಮೈ ತಾನಾಗಿಯೇ ತಿರುಗುತ್ತದೆ, ಕಣ್ಣು ಕನ್ನಡಿಯ ಮೇಲೂ ಅದರಾಚೆಯ ರಸ್ತೆಯ ಮೇಲೂ ಬೀಳುತ್ತದೆ. ನಾನೀಗ ಹಾಗೆಯೇ ತೆಗೆಯುತ್ತೇನೆ, ಮನೆಯವರಿಗೂ ಹೇಳಿ ರೂಢಿ ಮಾಡಿಸಿದ್ದೇನೆ.

ನಿಂತ ಕಾರಿನ ಕನ್ನಡಿಗೆ ಬೇರೆ ಗಿರಾಕಿಗಳೂ ಇದ್ದಾರೆ. ಬೇಸಿಗೆಯ ಹೊತ್ತಿಗೆ, ಗೂಡು ಕಟ್ಟುವ ಕಾಲದಲ್ಲಿ, ಪಿಕಳಾರ ಬಂದು ಕನ್ನಡಿಯ ಮೇಲೆ ಕೂತು, ಒಳಗೆ ಕಂಡ ತನ್ನದೇ ರೂಪವನ್ನು ಗಡಿ ಮೀರಿ ಬಂದ ವೈರಿಯೆಂದು ತಿಳಿದು ಕುಕ್ಕತೊಡಗುತ್ತದೆ. ನಮ್ಮ ಬೀದಿಯಲ್ಲಿ ಒಂದು ಪಿಕಳಾರ ಬೆಳಗಿನಿಂದ ಸಂಜೆಯ ತನಕ ಹೀಗೆ ಹೋರಾಡಿ ಸೋತು ಸುಣ್ಣವಾಗುತ್ತಿತ್ತು. ಪಕ್ಕದ ಮನೆಯ ಅಜ್ಜಿ ಹಳೆಯ ಕಾಲುಚೀಲ ತಂದು ಎರಡು ಕನ್ನಡಿಗೂ ತೊಡಿಸಿದರು. ಅದಕ್ಕೆ ಮರಿ ಮಾಡುವ ಕೆಲಸಕ್ಕೆ ಬಿಡುವಾಯಿತು. ಕಾರು ನಿಲ್ಲಿಸುವಾಗ ಕನ್ನಡಿ ಮಡಚಿದರೂ ಆದೀತು.

ಕನ್ನಡಿಯನ್ನು ಎಲ್ಲಿ ಇಡಬೇಕು ಎಂಬುದರಲ್ಲೂ ಒಂದೊಂದು ದೇಶಕ್ಕೆ ಒಂದೊಂದು ರೀತಿ. ಜಪಾನಿನಲ್ಲಿ 1983ರ ತನಕ ಕನ್ನಡಿಗಳು ಬಾಗಿಲ ಮೇಲಲ್ಲ, ಮುಂದೆ ಬಾನೆಟ್ಟಿನ ಎರಡು ಪಕ್ಕದ ಮಡ್‌ಗಾರ್ಡುಗಳ ಮೇಲಿರಬೇಕಿತ್ತು. ಬಾಗಿಲಿನ ಕನ್ನಡಿಗೆ ಅನುಮತಿ ಬಂದ ಮೇಲೂ ಅಲ್ಲಿನ ಟ್ಯಾಕ್ಸಿಯವರು ಹಳೆಯದನ್ನು 'ಬಿಡೆವು' ಎಂದರು. ಕನ್ನಡಿ ಅಷ್ಟು ಮುಂದಿದ್ದರೆ ಕಣ್ಣು ರಸ್ತೆಯಿಂದ ಬಹಳ ಸರಿಯಬೇಕಾಗಿಲ್ಲ, ಪಕ್ಕದಲ್ಲಿ ಕೂತವರ ಕಡೆಗೆ ಪದೇ ಪದೇ ತಿರುಗಿ ಅವರಿಗೆ ಮುಜುಗರ ಮಾಡಬೇಕಾಗಿಯೂ ಇಲ್ಲ. ಬಿಂಬ ಚಿಕ್ಕದಾಗುತ್ತದೆ, ಆ ನಷ್ಟವನ್ನು ಅವರು ಒಪ್ಪಿಕೊಂಡಿದ್ದಾರೆ. ನಮ್ಮ ಘಟ್ಟದ ರಸ್ತೆಗಳಲ್ಲಿ, ಕೊಡಗಿನ ತೋಟದ ಗೇಟುಗಳೆದುರು, ಕನ್ನಡಿಯನ್ನು ಕಾರಿಗೆ ಬದಲು ತಿರುವಿಗೇ ಕಟ್ಟಿರುತ್ತಾರೆ. ಕಂಬದ ಮೇಲಿನ ಆ ದೊಡ್ಡ ದುಂಡು ಕನ್ನಡಿಯಲ್ಲಿ ಇನ್ನೂ ಬಾರದ ಬಸ್ಸು ಮೊದಲೇ ಬಂದಿರುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಮಂಜು ಇಳಿದ ದಿನ ಇಂಥದ್ದು ಎಷ್ಟಿದ್ದರೂ ಪ್ರಯೋಜನವಿಲ್ಲ, ಹಾರ್ನೇ ಗತಿ.

ಈಗ ಕನ್ನಡಿಯನ್ನೇ ತೆಗೆದುಹಾಕುವ ಕಾಲ ಬರುತ್ತಿದೆ. 2019ರ ಜುಲೈಯಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. "ಬರ್ಲಿ, ಬರ್ಲಿ" ಎನ್ನುತ್ತಿದ್ದ ಹುಡುಗನ ಜಾಗದಲ್ಲಿ ಈಗ ಕೀಂ ಕೀಂ ಎನ್ನುವ ಯಂತ್ರ. ಕೂಗುವ ಗುಣ ಮರಳಿ ಬಂತಲ್ಲ ಎಂದು ನನಗಂತೂ ಸಂತೋಷವೇ. ಇನ್ನು 2018ರಲ್ಲಿ ಜಪಾನಿನಲ್ಲಿ ಲೆಕ್ಸಸ್ ಕಂಪನಿ ಹೊರಗನ್ನಡಿಯ ಬದಲು ಕ್ಯಾಮೆರಾ, ಕಾರಿನೊಳಗೆ ಪುಟ್ಟ ಪರದೆ ಇಟ್ಟ ಕಾರನ್ನು ಮಾರಲು ತಂದಿತು. ಮಳೆಯಲ್ಲಿ ಕಿಟಕಿ ಇಳಿಸಿ ಅಂಗೈಯಿಂದ ಕನ್ನಡಿ ಒರೆಸುವ ಪಾಡು ಇದರಿಂದ ತಪ್ಪುತ್ತದೆ. ಮಲೆನಾಡಿನ ಜುಲೈಯಲ್ಲಿ ಗಾಡಿ ಓಡಿಸಿದವರಿಗೆ ಅದು ಎಷ್ಟು ದೊಡ್ಡ ಉಪಕಾರವೆಂದು ಗೊತ್ತು. ಕತ್ತಲಲ್ಲೂ ಕ್ಯಾಮೆರಾ ನಮ್ಮ ಕಣ್ಣಿಗಿಂತ ಚೆನ್ನಾಗಿ ನೋಡಬಲ್ಲದು.

ನನ್ನ ಕಾಳಜಿ ನಲವತ್ತೈದು ದಾಟಿದವರದು. ಸಪಾಟು ಕನ್ನಡಿಯಲ್ಲಿ 30 ಮೀಟರ್ ಹಿಂದಿನ ಬಸ್ಸನ್ನು ನೋಡುವಾಗ ಕಣ್ಣು 30 ಮೀಟರ್ ದೂರಕ್ಕೇ ಹೊಂದಿಕೊಳ್ಳುತ್ತದೆ, ಕನ್ನಡಿ ಮೂಗಿನ ಎದುರಿಗಿದ್ದರೂ ಸರಿಯೇ. ಆದ್ದರಿಂದ ಚಾಳೀಸು ಬಂದವರಿಗೂ ಕನ್ನಡಕವಿಲ್ಲದೆ ಅದು ಸ್ಪಷ್ಟ. ಹೊರಗಿನ ಉಬ್ಬು ಗಾಜಿನಲ್ಲಿ ಬಿಂಬ ಗಾಜಿನಿಂದ ಸುಮಾರು ಎರಡಡಿ ಹಿಂದಕ್ಕಾದರೂ ಇರುತ್ತದೆ, ಅದೂ ನಡೆಯುತ್ತದೆ. ಪರದೆ ಹಾಗಲ್ಲ. ಅದರಲ್ಲಿರುವ ಬಸ್ಸು ಎಷ್ಟೇ ದೂರದ್ದಾಗಿರಲಿ, ಕಣ್ಣು ಹೊಂದಿಕೊಳ್ಳಬೇಕಾದದ್ದು ಕೈಯಳತೆಯ ಆ ಪರದೆಗೆ. ರಸ್ತೆಯಿಂದ ಪರದೆಗೆ, ಪರದೆಯಿಂದ ರಸ್ತೆಗೆ ಪ್ರತಿ ಸಲವೂ ಕಣ್ಣು ಈ ಹೊಂದಾಣಿಕೆ ಮಾಡಿಕೊಳ್ಳಬೇಕು, ವಯಸ್ಸಾದ ಕಣ್ಣಿಗೆ ಅದು ಬೇಗ ಆಗುವುದಿಲ್ಲ. ಮಾವ ಈಗ ಲಾರಿ ಬಿಟ್ಟಿದ್ದಾರೆ, ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ಕಾರು ಓಡಿಸುತ್ತಾರೆ. ಪೇಪರ್ ಓದಲು ಕನ್ನಡಕ ಬೇಕು, ಕನ್ನಡಿ ನೋಡಲು ಬೇಡ. ಮಗ ಹೊಸ ಕಾರು ಕೊಳ್ಳುವ ಮಾತೆತ್ತಿದಾಗ ಅವರು ಒಂದೇ ಶರತ್ತು ಹಾಕಿದರು. ಪರದೆಯಿರುವ ಕಾರಾದರೆ ಶೋರೂಮಿನಲ್ಲೇ, ಓದುವ ಕನ್ನಡಕ ಜೇಬಿನಲ್ಲಿಟ್ಟು, ಹಿಂದೆ ನಿಂತವರು ಯಾರೆಂದು ತನಗೆ ಅದರಲ್ಲಿ ಗುರುತು ಸಿಗಬೇಕು. ಸಿಗದಿದ್ದರೆ ಕನ್ನಡಿಯಿರುವ ಕಾರನ್ನೇ ತರಬೇಕು.